ಮರದ ಕತ್ತು

ಅಕ್ಕನ ಹಿತ್ತಲಿನ ಬೆಣ್ಣೆಹಣ್ಣಿನ ಮರವನ್ನು ಕೊಂದವಳು ನಾನು. ಈ ಒಂದು ವಾಕ್ಯ ನನ್ನ ಗಂಟಲಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಕೊಂಡಿತ್ತು. ಈಗ ಹೇಳಿದ್ದೇನೆ. ಹೇಳಿದ್ದರಿಂದ ಯಾರಿಗೂ ಏನೂ ಉಪಯೋಗವಾಗಿಲ್ಲ.

ಮನೆಗಳಲ್ಲಿ ಹೂವಿನ ಪಾತಿ ಮಾಡಿಕೊಡುವುದು ನನ್ನ ಕಸುಬು. ಬಿಸಿಲು ಬೀಳುವ ಅಂಗಳದವರು ನನ್ನನ್ನು ಕರೆಯುವುದಿಲ್ಲ. ಅಲ್ಲಿ ಯಾರು ಬೀಜ ಎರಚಿದರೂ ಏನಾದರೊಂದು ಹುಟ್ಟುತ್ತದೆ. ಎತ್ತರದ ಗೋಡೆಯ ಹಿಂದೆ, ನೀರಿನ ಟ್ಯಾಂಕಿನ ಕೆಳಗೆ, ಮರದ ಬುಡದಲ್ಲಿ ಹುಲ್ಲು ಕೂಡ ಮುಖ ತಿರುಗಿಸುವ ಜಾಗ ಇದ್ದವರು ಕರೆಯುತ್ತಾರೆ. ಮೊದಲ ದಿನ ನಾನು ಒಂದು ಗಿಡವನ್ನೂ ಒಯ್ಯುವುದಿಲ್ಲ. ಸುಣ್ಣದ ಪುಡಿ ಹಿಡಿದು ಕೂತು, ಗಂಟೆಗೊಮ್ಮೆ ಎದ್ದು ನೆರಳಿನ ಅಂಚಿಗೆ ಗೆರೆ ಎಳೆಯುತ್ತೇನೆ. ಯಾವ ಮೂಲೆಗೆ ಎಷ್ಟು ಹೊತ್ತು ಬೆಳಕು ಎಂಬುದು ಸಂಜೆಗೆ ನೆಲದ ಮೇಲೆ ಬರೆದಿರುತ್ತದೆ. ಗಿರಾಕಿಗಳು ನನ್ನನ್ನು ನೆರಳಮ್ಮ ಎನ್ನುತ್ತಾರೆ. ಆ ಹೆಸರಿನ ಮೇಲೆ ನನಗೆ ಜಂಬವಿತ್ತು, ಸುಳ್ಳೇಕೆ ಹೇಳಲಿ.

ನರ್ಸರಿಯಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದೇ ಮಾತನ್ನು ಸಾವಿರ ಸಲ ಹೇಳಿದ್ದರು. "ಮರದಡಿ ಪಾತಿ ಮಾಡ್ತೀಯಾ, ಮಾಡು. ಬೇರಿಗೆ ಮಾತ್ರ ಗುದ್ದಲಿ ತಾಗಿಸ್ಬೇಡ." ಇಪ್ಪತ್ತು ವರ್ಷ ನಾನು ಆ ಮಾತು ಮೀರಿರಲಿಲ್ಲ. ಅಗೆಯುವ ಗೋಜಿಗೇ ಹೋಗದೆ, ಇದ್ದ ನೆಲದ ಮೇಲೆ ನಾಲ್ಕು ಬೆರಳು ಹೊಸ ಮಣ್ಣು ಹಾಕಿ ಗಿಡ ಕೂರಿಸುತ್ತಿದ್ದೆ. ಅಷ್ಟಕ್ಕೆ ಯಾವ ಮರವೂ ಗೊಣಗಿರಲಿಲ್ಲ.

ಅಕ್ಕನ ಹಿತ್ತಲಿನ ಮರವನ್ನು ಹುಟ್ಟಿಸಿದ್ದು ಅವಳ ಮಗಳು. ಒಂಬತ್ತು ವರ್ಷದವಳಿದ್ದಾಗ ಬೆಣ್ಣೆಹಣ್ಣಿನ ಬೀಜಕ್ಕೆ ಮೂರು ಬೆಂಕಿಕಡ್ಡಿ ಚುಚ್ಚಿ, ನೀರು ತುಂಬಿದ ಲೋಟದ ಬಾಯಿಗೆ ಕೂರಿಸಿ, ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದಳು. ಅಕ್ಕ ಅದನ್ನು ಎರಡು ಸಲ ಕಸಕ್ಕೆ ಎಸೆದಳು, ಹುಡುಗಿ ಎರಡು ಸಲವೂ ಹೆಕ್ಕಿ ತಂದಳು. ಹತ್ತು ವರ್ಷದಲ್ಲಿ ಮರ ಮಹಡಿ ಮೀರಿತು. ಹತ್ತೂ ವರ್ಷ ಒಂದು ಹೂ ಬಿಡಲಿಲ್ಲ. "ನಿನ್ನ ಹಾಗೇ ಇದೆ ಚಿಕ್ಕಮ್ಮ, ಬರೀ ನೆರಳು" ಎಂದು ಅವಳು ನನ್ನನ್ನು ಕಿಚಾಯಿಸುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿಗೆ ಒಂದು ಜ್ವರ ಬಂತು, ಆರು ದಿನಕ್ಕೆ ಅವಳು ಹೋದಳು.

ಭಾವ ಮೊದಲೇ ತೀರಿಕೊಂಡಿದ್ದರು. ಅಕ್ಕ ಶಾಲೆಯ ಲೈಬ್ರರಿಯಲ್ಲಿ ಕೆಲಸ ಮುಗಿಸಿ ಬಂದವಳೇ ಮರದಡಿ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದಳು. ನಾಲ್ಕು ಗಂಟೆಗೆ ಪಕ್ಕದ ಮನೆಯ ಟೈಲರಮ್ಮ ಕೈಹೊಲಿಗೆಯ ಬಟ್ಟೆ ಹಿಡಿದು ಬರುತ್ತಿದ್ದರು. ಹುಡುಗಿಯ ಶಾಲೆಯ ಬಟ್ಟೆಗಳನ್ನೆಲ್ಲ ಹೊಲಿದವರು ಅವರೇ. ಸಮಾಧಾನ ಹೇಳುವವರು ನಾಲ್ಕು ದಿನ ಬಂದು ಮಾಯವಾದರು. ಟೈಲರಮ್ಮ ಸಮಾಧಾನ ಹೇಳಲೂ ಇಲ್ಲ, ಮಾಯವಾಗಲೂ ಇಲ್ಲ. ಅವರು ಗುಂಡಿ ಹಾಕುತ್ತಿದ್ದರು, ಅಕ್ಕ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು. ನಾನು ಬಂದರೆ ಅಕ್ಕ ಒಂದು ಮಾತಾಡಿದರೆ ಹೆಚ್ಚು, ಅವರ ಜೊತೆ ಗಂಟೆಗಟ್ಟಲೆ ಕೂರುತ್ತಿದ್ದಳು. ನನಗೆ ಹೊಟ್ಟೆಕಿಚ್ಚು ಇತ್ತು.

ಆ ಬರಿ ನೆಲ ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಇಲ್ಲೊಂದು ಪಾತಿ ಮಾಡ್ತೀನಿ. ಕಣ್ಣಿಗೆ ಏನಾದ್ರೂ ಬೇಡ್ವಾ ನಿಂಗೆ" ಎಂದೆ. "ಏನಾದ್ರೂ ಮಾಡ್ಕೋ ಪುಟ್ಟಿ" ಎಂದಳು. ನಲವತ್ತಾರು ವರ್ಷದ ನನ್ನನ್ನು ಪುಟ್ಟಿ ಎನ್ನುವವಳು ಭೂಮಿಯ ಮೇಲೆ ಅವಳೊಬ್ಬಳೇ.

ನೀರಿನ ಪೈಪನ್ನು ನೆಲದ ಮೇಲೆ ಬಾಗಿಸಿ ಮರದ ಸುತ್ತ ಅರ್ಧಚಂದ್ರದ ಆಕಾರ ನೋಡಿಕೊಂಡೆ. ಗೋಡೆಯ ಕಡೆಯ ಕತ್ತಲಿಗೆ ಜರೀಗಿಡ, ಅದರ ಮುಂದೆ ಬಿಳಿ ಎಲೆಯ ಕೆಸು. ಕತ್ತಲ ಮೂಲೆಗೆ ಬಿಳಿಯೇ ಬೇಕು, ಕೆಂಪು ಹಾಕಿದರೆ ನುಂಗಿಬಿಡುತ್ತದೆ. ಅಂಚಿಗೆ ಬಿಗೋನಿಯ. ಇವೆಲ್ಲ ನಾಲ್ಕು ಬೆರಳು ಮಣ್ಣಿನಲ್ಲೂ ಬರುತ್ತಿದ್ದವು. ಆದರೆ ಇದು ಅಕ್ಕನ ಪಾತಿ. ಕುರ್ಚಿಯಲ್ಲಿ ಕೂತವಳ ಕಣ್ಣಿನ ಮಟ್ಟಕ್ಕೆ ಹೂ ಬರಲಿ ಎಂದು ಇಟ್ಟಿಗೆ ಜೋಡಿಸಿ, ಮೊಳಕಾಲೆತ್ತರ ಮಣ್ಣು ತುಂಬಿದೆ. ಕಾಂಡಕ್ಕೆ ಒತ್ತಿ ಒತ್ತಿ ತುಂಬಿದೆ. ಬೇರಿಗೆ ಗುದ್ದಲಿ ತಾಗಿಸಲಿಲ್ಲ.

ಟೈಲರಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. "ಮರಕ್ಕೂ ಒಂದು ಕತ್ತು ಇರುತ್ತಲ್ವಾ, ಆ ಬುಡ ಅಗಲ ಆಗೋ ಜಾಗ" ಎಂದರು. "ಕಾಲರ್ ಬಿಗಿ ಆಯ್ತೇನೋ ಅನ್ಸುತ್ತೆ ನಂಗೆ. ಒಂದಿಷ್ಟು ಸಡಿಲ ಬಿಡ್ತೀರಾ?"

"ಮರಕ್ಕೆ ಅಂಗಿ ಹೊಲಿಯುವಾಗ ನಿಮ್ಮನ್ನೇ ಕೇಳ್ತೀನಿ ಬಿಡಿ" ಎಂದೆ. ಅಕ್ಕ ನಕ್ಕಳು. ಮಗಳು ಹೋದ ಮೇಲೆ ಮೊದಲ ಸಲ ನಕ್ಕಿದ್ದಳು, ನಾನು ನಗಿಸಿದ್ದೆ. ಟೈಲರಮ್ಮನೂ ನಕ್ಕು ಸುಮ್ಮನಾದರು.

ಮೊದಲ ವರ್ಷ ಪಾತಿ ನೋಡಿದವರು ಬಾಯಿ ಬಿಟ್ಟರು. ಅಕ್ಕ ಬೆಳಗ್ಗೆ ಎದ್ದವಳೇ ನೀರು ಹಾಕುತ್ತಿದ್ದಳು, ಒಣಗಿದ ಎಲೆ ಕೀಳುತ್ತಿದ್ದಳು, ನನಗೆ ಫೋನ್ ಮಾಡಿ "ಪುಟ್ಟಿ, ಬಿಳಿ ಕೆಸು ಹೊಸ ಎಲೆ ಬಿಟ್ಟಿದೆ" ಎನ್ನುತ್ತಿದ್ದಳು. ನನ್ನ ಅಕ್ಕ ನನಗೆ ವಾಪಸ್ಸು ಸಿಕ್ಕಳು ಎಂದುಕೊಂಡೆ.

ಎರಡನೆಯ ವರ್ಷ ಮರದ ಎಲೆಗಳ ತುದಿ ಸುಟ್ಟಂತೆ ಕಂದಾದವು. ಅಕ್ಕ ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ ನಾನು ಕಾಂಡದ ಪಕ್ಕ ಕೈಯಿಂದ ಮಣ್ಣು ಕೆದಕಿದೆ. ಒಂದು ಗೇಣು ಕೆಳಗೆ ತೊಗಟೆ ಕಪ್ಪಗೆ, ಮೆತ್ತಗೆ ಇತ್ತು. ಉಗುರು ಒತ್ತಿದರೆ ಒಳಗೆ ಹೋಯಿತು. ಹುಳಿ ವಾಸನೆ ಬಂತು. ಇನ್ನೂ ಅರ್ಧ ಸುತ್ತು ತೊಗಟೆ ಗಟ್ಟಿಯಿತ್ತು. ಆ ದಿನವೇ ಪಾತಿ ಒಡೆದು ಮಣ್ಣು ತೆಗೆದಿದ್ದರೆ ಮರ ಉಳಿಯುತ್ತಿತ್ತೇನೋ. ಆದರೆ ಪಾತಿ ಒಡೆದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ನಾನು ಮಣ್ಣನ್ನು ಮತ್ತೆ ಮುಚ್ಚಿ, ಮೇಲೆ ತಟ್ಟಿ, ಕೈ ತೊಳೆದುಕೊಂಡೆ.

ಅಕ್ಕ ಬಂದು ಕೇಳಿದಳು. "ಏನಾಗಿದೆ ಪುಟ್ಟಿ ಇದಕ್ಕೆ?"

ಬಾಯಿಗೆ ಅದೆಲ್ಲಿಂದ ಬಂತೋ. ಹೊಸ ಬಟ್ಟೆ ಬಣ್ಣ ಬಿಡದಿರಲಿ ಎಂದು ಟೈಲರಮ್ಮ ಉಪ್ಪುನೀರಿನಲ್ಲಿ ನೆನೆಸುವುದನ್ನು ನಾವಿಬ್ಬರೂ ನೋಡಿದ್ದೆವು. "ಉಪ್ಪುನೀರು" ಎಂದೆ. "ಗೋಡೆ ಆ ಕಡೆಯಿಂದ ಇಳೀತಿರಬೇಕು. ಬೆಣ್ಣೆಹಣ್ಣಿಗೆ ಉಪ್ಪು ಅಂದ್ರೆ ವಿಷ." ಎರಡನೆಯ ಮಾತು ನಿಜವೇ. ನಿಜ ಒಂದಿಷ್ಟು ಬೆರೆತರೆ ಸುಳ್ಳು ಸಲೀಸಾಗಿ ಗಂಟಲಿಗಿಳಿಯುತ್ತದೆ.

ನಾಲ್ಕು ಗಂಟೆಗೆ ಟೈಲರಮ್ಮ ಬಂದಾಗ ಅಕ್ಕ ಕುರ್ಚಿಯಿಂದ ಏಳಲಿಲ್ಲ. "ನೀವು ಉಪ್ಪುನೀರು ಎಲ್ಲಿ ಚೆಲ್ತೀರಿ?" ಎಂದಳು.

"ಬಚ್ಚಲಿಗೆ. ಯಾಕೆ?"

"ಗೋಡೆ ಬುಡಕ್ಕೆ ಚೆಲ್ಲಿದ್ದೀರಿ. ನನ್ನ ಮಗಳ ಮರ ಸಾಯ್ತಾ ಇದೆ."

"ಆ ಮಗು ಅಳತೆ ಇನ್ನೂ ನನ್ನ ಪುಸ್ತಕದಲ್ಲಿದೆ. ಅವಳ ಮರಕ್ಕೆ ನಾನು ಉಪ್ಪು ಹಾಕ್ತೀನಾ?"

"ಇನ್ಮೇಲೆ ಈ ಕಡೆ ಬರಬೇಡಿ" ಎಂದಳು ಅಕ್ಕ.

ಟೈಲರಮ್ಮ ನನ್ನ ಕಡೆ ನೋಡಿದರು. ಕಾಲರಿನ ಮಾತು ಅವರಿಗೂ ನೆನಪಿತ್ತು, ನನಗೂ ನೆನಪಿತ್ತು. ಅವರು ಅದನ್ನು ಆಡಲಿಲ್ಲ. ಬಟ್ಟೆ ಮಡಚಿಕೊಂಡು ಹೋದರು. ಮಾರನೆಯ ದಿನದಿಂದ ಹಿತ್ತಲಿನ ಕಡೆಯ ಅವರ ಕಿಟಕಿ ಮುಚ್ಚಿತು. ಹೊಲಿಗೆ ಯಂತ್ರದ ಸದ್ದು ಮಾತ್ರ ಗೋಡೆ ದಾಟಿ ಬರುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಾ ನಾನು ದಿನ ತಳ್ಳಿದೆ.

ನಾಲ್ಕು ತಿಂಗಳ ಮೇಲೆ ಅಕ್ಕನ ಫೋನ್ ಬಂತು. "ಪುಟ್ಟಿ, ಹೂ ಬಿಟ್ಟಿದೆ. ಮರ ತುಂಬಾ ಹೂ. ಬೇಗ ಬಾ."

ಹೋಗಿ ನೋಡಿದೆ. ಒಂದೊಂದು ಕೊಂಬೆಯ ತುದಿಯಲ್ಲೂ ಹಳದಿ ಹೂವಿನ ಗೊಂಚಲು, ಎಲೆಗಿಂತ ಹೂವೇ ಹೆಚ್ಚು. ಅಕ್ಕನ ಕೆನ್ನೆ ಒದ್ದೆಯಾಗಿತ್ತು. "ಉಪ್ಪುನೀರು ನಿಂತಿದ್ದೇ ತಡ, ನೋಡು. ಹಣ್ಣಾದ್ರೆ ಮೊದಲನೇದು ಅವಳ ಫೋಟೋ ಮುಂದೆ ಇಡ್ತೀನಿ" ಎಂದಳು. ಸಾಯುವ ಮರ ಹೀಗೆ ಒಮ್ಮೆ ಮೈತುಂಬ ಹೂ ಬಿಡುವುದುಂಟು. ನೆರಳಮ್ಮನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. "ಚೆನ್ನಾಗಿದೆ" ಎಂದೆ.

ಒಂದೂ ಕಾಯಿ ನಿಲ್ಲಲಿಲ್ಲ. ಹೂವಿನ ಹಿಂದೆಯೇ ಎಲೆ ಉದುರಿತು, ಕೊಂಬೆ ಒಣಗಿತು. ಮೇಲೆ ಆಕಾಶ ತೆರೆದುಕೊಂಡಿತು. ನಾನು ಗಂಟೆ ಲೆಕ್ಕ ಹಾಕಿ ಎಳೆದಿದ್ದ ಗೆರೆಗಳಿಗೆ ಅರ್ಥವೇ ಉಳಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಎಲ್ಲ ಕಡೆ ಬಿಸಿಲು, ಗೋಡೆಯ ಬುಡಕ್ಕೆ ಮಾತ್ರ ನಡುಮಧ್ಯಾಹ್ನ ಬಿಟ್ಟು ಗೋಡೆಯದೇ ನೆರಳು. ಬಿಳಿ ಕೆಸುವಿನ ಎಲೆ ಕಾಗದದಂತೆ ಸುಟ್ಟಿತು. ಅಂಚಿನ ಬಿಗೋನಿಯ ಸೊರಗಿ ನೆಲಕ್ಕೆ ಅಂಟಿಕೊಂಡಿತು.

ಮುಂದಿನ ವರ್ಷ ಗಾಳಿಗೆ ಕೊಂಬೆಯೊಂದು ಮುರಿದು ಬಿದ್ದ ಮೇಲೆ ಅಕ್ಕ ಮರ ಕಡಿಯುವವನನ್ನು ಕರೆಸಿದಳು. ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಕೊಂಬೆಗಳನ್ನೆಲ್ಲ ಇಳಿಸಿ, ಕಾಂಡಕ್ಕೆ ಗರಗಸ ಹಾಕುವ ಮೊದಲು ಅವನು ಪಾತಿಯೊಳಗೆ ಇಳಿದ. "ಬುಡದಲ್ಲೇ ಕೊಯ್ಯೋಣ" ಎನ್ನುತ್ತಾ ಸಲಿಕೆಯಿಂದ ಮಣ್ಣು ಸರಿಸಿದ. ಒಂದು ಗೇಣು, ಎರಡು ಗೇಣು. ಸರಿಸುವುದನ್ನು ನಿಲ್ಲಿಸಿ ಬಗ್ಗಿ ನೋಡಿದ.

"ಯಾರಮ್ಮಾ ಇದನ್ನ ಕತ್ತಿನ ತನಕ ಹೂತಿದ್ದು?" ಎಂದ. "ಉಸಿರು ಕಟ್ಟಿ ಸತ್ತಿದೆ ಇದು."

"ಉಪ್ಪುನೀರಿಂದ ಅಲ್ವಾ?" ಎಂದಳು ಅಕ್ಕ.

"ಉಪ್ಪುನೀರು ಎಲ್ಲಿಂದ?" ಅಕ್ಕ ಗೋಡೆ ತೋರಿಸಿದಳು. ಅವನು ಗೋಡೆಯ ಬುಡದ ಜರೀಗಿಡಗಳ ಕಡೆ ಸಲಿಕೆ ಚಾಚಿದ. ಇಡೀ ಪಾತಿಯಲ್ಲಿ ಹಸಿರಾಗಿ ಉಳಿದಿದ್ದವು ಅವು ಮಾತ್ರ. "ಹಾಗಾಗಿದ್ರೆ ಮೊದಲು ಇವು ಸಾಯ್ಬೇಕಿತ್ತಲ್ಲಮ್ಮ."

ಅಕ್ಕ ಜರೀಗಿಡ ನೋಡಿದಳು, ಕಪ್ಪು ತೊಗಟೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಎಲೆ ತುದಿ ಸುಟ್ಟಾಗಿಂದ. ನಾನೇ ಕೊಂದಿದ್ದು ಅಕ್ಕಾ."

"ಅಂದ್ರೆ ನಾನು ಅವ್ರಿಗೆ ಬರಬೇಡಿ ಅನ್ನೋಕ್ಕೆ ಮುಂಚೆನೇ."

"ಹೂಂ."

ಬೈಯುತ್ತಾಳೆ ಎಂದು ಕಾದೆ, ಬೈಯಲಿ ಎಂದು ಬೇಡಿಕೊಂಡೆ. ಅವಳು ಪುಟ್ಟಿ ಎನ್ನಲಿಲ್ಲ. ಬಿಗೋನಿಯ ತುಳಿದುಕೊಂಡು, ಪಾತಿ ಹತ್ತಿ ಇಳಿದು, ಗೋಡೆಯ ಹತ್ತಿರ ಹೋಗಿ ನಿಂತಳು.

"ಟೈಲರಮ್ಮ" ಎಂದು ಕರೆದಳು.

ಮುಚ್ಚಿದ ಕಿಟಕಿಯ ಹಿಂದೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಮರ ಕಡಿಯುವವನೂ ಸಲಿಕೆ ಕೆಳಗಿಟ್ಟ.

"ನಾನು ಕಣ್ರೀ. ತಪ್ಪಾಯ್ತು ನಂದು. ಒಂದು ಸಲ ಕಿಟಕಿ ತೆಗೀರಿ."

ಆಮೇಲೆ ಯಂತ್ರ ಮತ್ತೆ ಶುರುವಾಯಿತು, ಉದ್ದ ಹೊಲಿಗೆ ಹಾಕುವಾಗ ಓಡುವ ಹಾಗೆ ಎಡೆಬಿಡದೆ ಓಡಿತು. ಅಕ್ಕ ಗೋಡೆಯ ಮೇಲೆ ಅಂಗೈ ಊರಿ ನಿಂತೇ ಇದ್ದಳು. ಅವಳ ನಡುನೆತ್ತಿಯ ಮೇಲೆ ಬಿಸಿಲಿತ್ತು. ಸರಿದು ನಿಲ್ಲು ಎನ್ನಲು ಆ ಹಿತ್ತಲಿನಲ್ಲಿ ಎಲ್ಲೂ ನೆರಳಿರಲಿಲ್ಲ.