ಚಿದ್ರಿಯ ಬಿದ್ರಿಗೆ ಸುಣ್ಣ ಬೇಡ, ಕ್ಯಾಲ್ಸಿಯಂ ಬೇಕು

ಬೀದರ, ಭಾಲ್ಕಿ ಮತ್ತು ಔರಾದ ತಾಲೂಕುಗಳ ಸಮಸ್ತ ಮಹಾಜನತೆಗೆ ಗಂಭೀರವಾಗಿ ತಿಳಿಯಪಡಿಸುವುದೇನೆಂದರೆ, ಕೆಲವು ತಿಂಗಳ ಹಿಂದೆ ಬೀದರ ನಗರದ ಚಿದ್ರಿಯಲ್ಲಿ ಒಂದು ಹಲ್ಲಿ ಊಟ ಬಿಟ್ಟಿತು.

ನಗಬೇಡಿ. ಇದು ಗೋಡೆಯ ಹಲ್ಲಿಯಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಗೆಕ್ಕೊ ಎಂಬ ಹಲ್ಲಿ. ಹಳದಿ ಮೈ, ಕಪ್ಪು ಚುಕ್ಕಿ, ಯಾವಾಗಲೂ ನಕ್ಕಂತಿರುವ ಬಾಯಿ. ಹೈದರಾಬಾದಿಗೆ ಓದಲು ಹೋದ ಮುಬಶ್ಶೀರ ಅದನ್ನು ಕಾಗದಪತ್ರ ಸಮೇತ ಕಾಲೇಜಿನ ಗೆಳತಿ ಶೀತಲಳಿಗೆ ಒಪ್ಪಿಸಿದ್ದ. ಚಿದ್ರಿಗೆ ಬಂದ ತಪ್ಪಿಗೆ ಅದಕ್ಕೆ ಬಿದ್ರಿ ಎಂದೇ ಹೆಸರು ಬಿತ್ತು.

ಊಟ ಬಿಟ್ಟ ಮೂರನೆಯ ದಿನ. ಬಿದ್ರಿ ಎದ್ದು ನಿಲ್ಲುತ್ತಿಲ್ಲ. ಮುಂಗಾಲು ಬಾಗಿವೆ, ಬೆರಳು ನಡುಗುತ್ತಿವೆ. ಶೀತಲ ಪೆಟ್ಟಿಗೆಯಿಂದ ಬಾಗಿಲಿಗೆ, ಬಾಗಿಲಿನಿಂದ ಪೆಟ್ಟಿಗೆಗೆ ತಿರುಗುತ್ತಿದ್ದಾಳೆ. ಅದೇ ಓಣಿಯ ಪಶುವೈದ್ಯೆ ಸಿದ್ದೇಶ್ವರಿ ಭಾಲ್ಕಿಯ ದವಾಖಾನೆಯಿಂದ ಸಂಜೆಯ ಬಸ್ಸಿಗೆ ಬರಬೇಕು. ಬಸ್ಸಿಗೆ ಇವತ್ತೇ ತಡ.

"ಒಂದ್ ಕಡಿ ಕುಂಡ್ರು. ನೀ ಹಿಂಗ ತಿರುಗಿದ್ರ ನನಗ ಚಕ್ಕರ ಬರ್ತದ," ಎಂದಳು ಅಜ್ಜಿ ಪುತಳಾಬಾಯಿ.

"ಆಯಿ, ಅದು ಸತ್ರ?"

"ಹಲ್ಲಿ ಸತ್ರ ಯಾರರೆ ಸೂತಕ ಹಿಡಿತಾರೇನು? ನಮ್ಮ ಗ್ವಾಡಿ ಮ್ಯಾಲ ಹದಿನಾಲ್ಕ ಅವ. ಒಂದಕ್ಕರೆ ಗುಳಿಗಿ ನುಂಗಿಸೀನೇನು? ಎಲ್ಲಾ ಠಣಠಣ ಓಡ್ಯಾಡ್ತಾವ."

ಆಯಿ ಹೀಗಂದರೂ ಅವಳ ಕೈ ಸುಮ್ಮನಿರಲಿಲ್ಲ. ಕಮಠಾಣದ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ಕಾಲು ಸೊಟ್ಟಾದ ಮರಿಯನ್ನು ಕಂಡು ಸುಮ್ಮನೆ ಕೂತವಳಲ್ಲ.

"ಅದಕ್ಕ ಏನ್ ಬೇಕಂದಿ?"

"ಕ್ಯಾಲ್ಸಿಯಂ. ಹುಳಕ್ಕ ಅದರ ಪುಡಿ ಹಚ್ಚಿ ತಿನಿಸಬೇಕು. ಡಬ್ಬಿ ತೀರಿ ಮೂರ್ ತಿಂಗಳಾತು. ಹೊಟ್ಟಿ ತುಂಬ ಹುಳ ತಿಂತದಲ್ಲ, ಸಾಕು ಅಂತ ನಾನೇ ತರಲಿಲ್ಲ ಆಯಿ." ಶೀತಲ ಖಾಲಿ ಡಬ್ಬಿ ಎತ್ತಿ ತೋರಿಸಿದಳು.

"ಕ್ಯಾಲ್ಸಿಯಂ ಅಂದ್ರ ಸುಣ್ಣ, ಹೌದಿಲ್ಲ?"

"ಹೂಂ, ಸಾಲ್ಯಾಗ ಹಂಗೇ ಹೇಳ್ಯಾರ," ಎನ್ನುತ್ತ ಶೀತಲ ಮತ್ತೆ ಬಾಗಿಲಿಗೆ ಹೋದಳು.

ಅವಳು ತಿರುಗಿ ಬರುವಷ್ಟರಲ್ಲಿ ಆಯಿ ಎಲೆ ಅಡಿಕೆಯ ಸಂಚಿ ಬಿಚ್ಚಿದ್ದಳು. ಸುಣ್ಣದ ಡಬ್ಬಿಯಿಂದ ಬೆರಳ ತುದಿಗೆ ಒಂದಿಷ್ಟು ತೆಗೆದು, ವೀಳ್ಯದೆಲೆಗೆ ಸವರಿದಂತೆ ಒಂದು ಹುಳುವಿನ ಬೆನ್ನಿಗೆ ಸವರಿದ್ದಳು. ಅಡಿಕೆ ಇಡುವುದೊಂದೇ ಬಾಕಿ.

"ಆಯಿ, ನಿಲ್ರಿ!"

ಬಾಗಿಲಲ್ಲಿ ಸಿದ್ದೇಶ್ವರಿ. ಹೆಗಲ ಚೀಲವನ್ನೂ ಇಳಿಸದೆ ಬಂದು ಆಯಿಯ ಬೆರಳಿನಿಂದ ಹುಳುವನ್ನು ಕಸಿದುಕೊಂಡರು.

"ಎಲಿ ಇಲ್ಲದ ಬರೇ ಸುಣ್ಣ ಯಾವಾಗರೆ ನಾಲಿಗಿಗೆ ಹಚ್ಚಕೊಂಡೀರೇನ್ರಿ?"

"ಒಮ್ಮಿ ಮರತು ಹಚ್ಚಕೊಂಡಿದ್ದೆ. ನಾಕ ದಿನ ಖಾರದ ಮುಖ ನೋಡಲಿಲ್ಲ."

"ನಿಮ್ಮ ನಾಲಿಗಿ ಅಷ್ಟ ಸುಟ್ರ, ಇದರ ನಾಲಿಗಿ ಎಷ್ಟದ ನೋಡ್ರಿ. ಎಲಿ ಸುಣ್ಣ ಬ್ಯಾರೆ, ಹಲ್ಲಿಗೆ ಹಾಕೋ ಕ್ಯಾಲ್ಸಿಯಂ ಪುಡಿ ಬ್ಯಾರೆ."

ಆಯಿ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸಿದ್ದೇಶ್ವರಿ ಬಿದ್ರಿಯ ದವಡೆಯನ್ನು ಮೆಲ್ಲಗೆ ಮುಟ್ಟಿ ನೋಡಿದರು.

"ದವಡಿ ಮೆತ್ತಗಾಗ್ಯದ. ಊಟದಾಗ ಕ್ಯಾಲ್ಸಿಯಂ ಸಿಗದಿದ್ದಕ್ಕ ತನ್ನ ಎಲುಬಿನಾಗಿಂದು ತಾನೇ ಕರಗಿಸ್ಕೊಂಡದ. ಹಿಂಗೇ ಬಿಟ್ರ ಎಲುಬು ಮುರಿತಾವ."

"ಉಳಿತದೇನ್ರಿ ಮೇಡಂ?"

"ಇವತ್ತ ಹೇಳ್ಲಿಕ್ಕಾಗಲ್ಲ ಶೀತಲ. ಔಷಧ ಸುರು ಮಾಡ್ತೇನಿ."

ಆಯಿಗೆ ತಡೆಯಲಾಗಲಿಲ್ಲ. "ಡಾಕ್ಟರಬಾಯಿ, ಗ್ವಾಡಿ ಮ್ಯಾಲಿನವಕ್ಕ ಯಾರ ಪುಡಿ ಹಾಕ್ತಾರ್ರಿ?"

"ಅವು ನೂರಾಎಂಟ ನಮೂನಿ ಹುಳ ಹುಡುಕಿ ತಿಂತಾವ. ಬಿದ್ರಿ ನೀವು ಹಾಕಿದ್ದೇ ತಿನಬೇಕು. ಬಿಟ್ಟ ಮೇಯಿಸೋ ಕುರಿಗೂ ಕಟ್ಟಿ ಸಾಕೋ ಕುರಿಗೂ ಫರಕ ಇಲ್ಲೇನ್ರಿ?"

"ಅಯ್ಯ, ಹಿಂಗ ಮೊದಲೇ ಹೇಳಬಾರದೇನು! ಕಟ್ಟಿದ ಕುರಿಗೆ ಎಲ್ಲಾ ನಾವೇ ಕೊಡಬೇಕು," ಎಂದಳು ಆಯಿ. ಮರುಕ್ಷಣವೇ, "ಹಂಗಾದ್ರ ಎರಡ ಪಟ್ಟ ಹಾಕ್ರಿ, ಲಗೂ ಏಳಲಿ."

"ಸಾರಿಗೆ ಎರಡ ಪಟ್ಟ ಉಪ್ಪ ಹಾಕಿದ್ರ ರುಚಿ ಎರಡ ಪಟ್ಟ ಆಗ್ತದೇನ್ರಿ? ಕ್ಯಾಲ್ಸಿಯಂ ಎಲುಬಿಗೆ ಮುಟ್ಟಬೇಕಂದ್ರ ವಿಟಮಿನ್ ಡಿ3 ಬೇಕು, ಖರೇ. ಅದು ಹೆಚ್ಚಾದ್ರ ಕಿಡ್ನಿಗೆ ಪೆಟ್ಟು. ಎಷ್ಟು, ಯಾವ ದಿನ ಅಂತ ಚೀಟಿ ಬರದ ಕೊಡ್ತೇನಿ. ಹಂಗೇ ಮಾಡ್ರಿ."

ಆ ಚೀಟಿ ಪೆಟ್ಟಿಗೆಯ ಮೇಲೆ ಅಂಟಿತು. ಶೀತಲ ಹುಳುಗಳನ್ನು ಡಬ್ಬಿಯಲ್ಲಿ ಹಾಕಿ, ಪುಡಿ ಉದುರಿಸಿ, ಅಲುಗಾಡಿಸಿ ಬಿದ್ರಿಯ ಮುಂದೆ ಹಿಡಿಯತೊಡಗಿದಳು. ಮೊದಲ ವಾರ ಬಿದ್ರಿ ಬಾಯಿ ತೆರೆಯಲಿಲ್ಲ. ಡಾಕ್ಟರಬಾಯಿಯೇ ಹನಿ ಹನಿ ಔಷಧ ಹಾಕಿದರು. ಆಯಿ ಚಹಾ ಆರಲು ಬಿಟ್ಟು ಪೆಟ್ಟಿಗೆಯಲ್ಲಿ ಇಣುಕುವಳು, ಕೂರುವಳು, ಮತ್ತೆ ಏಳುವಳು. ಆರನೆಯ ವಾರ ಬಿದ್ರಿ ನಾಲ್ಕೂ ಕಾಲಿನ ಮೇಲೆ ನಿಂತು ಒಂದು ಹುಳುವನ್ನು ಲಪಕ್ಕನೆ ಹಿಡಿಯಿತು. ಕಾಲಿನ ಸೊಟ್ಟ ಪೂರ್ತಿ ಹೋಗಲಿಲ್ಲ. ಶೀತಲ ಅತ್ತಳು. ಆಯಿ, "ಕಣ್ಣಾಗ ಸುಣ್ಣ ಹೋತು," ಎಂದು ಸೆರಗು ಹಿಡಿದಳು.

ಇಷ್ಟಕ್ಕೇ ಸುಮ್ಮನಿದ್ದರೆ ಅದು ದಿಲೀಪನ ಮನೆ ಹೇಗಾದೀತು? ಶೀತಲಳ ಅಪ್ಪ ದಿಲೀಪ ಔರಾದಿನ ಕಚೇರಿಯೊಂದರಲ್ಲಿ ಗುಮಾಸ್ತ, ನಿಯಮ ಬರೆಯುವುದರಲ್ಲಿ ನಿಸ್ಸೀಮ. ಬೀದರ-ಭಾಲ್ಕಿ-ಔರಾದ ಸಾಕುಹಲ್ಲಿ ಪೋಷಕರ ಸಂಘ ಕಟ್ಟಿಯೇ ಬಿಡೋಣ ಎಂದ. ಮೂರೂ ಊರಲ್ಲಿ ಜಾಥಾ, ಶಿಬಿರ. ಆಯಿ ಗೌರವಾಧ್ಯಕ್ಷೆ. ಬ್ಯಾನರ್ ಬಂತು. ನೋಂದಣಿಗೆ ಏಳು ಸದಸ್ಯರು ಬೇಕು. ಮನೆಯವರು, ನೆರೆಯವರು ಸೇರಿ ಏಳು ಮಂದಿ ಸಹಿಗೆ ಕೂತರು. ದಿಲೀಪ ಎದ್ದು ನಿಂತು ತಾನೇ ಬರೆದ ನಿಯಮ ಓದಿದ.

"ನಿಯಮ ಒಂದು. ಸದಸ್ಯರಾಗುವವರು ಸ್ವಂತ ಹಲ್ಲಿಯೊಂದನ್ನು ಸಾಕಿರತಕ್ಕದ್ದು."

ಎಲ್ಲರೂ ಬಿದ್ರಿಯನ್ನು ನೋಡಿದರು. ಬಿದ್ರಿ ಒಂದೇ ಇತ್ತು.

"ತಿದ್ದೋ ದಿಲೀಪಾ," ಎಂದಳು ಆಯಿ.

"ಹ್ಯಾಂಗ ತಿದ್ದಲಿ? ನಿಯಮ ಎರಡು. ತಿದ್ದಲಿಕ್ಕ ಏಳೂ ಸದಸ್ಯರ ಸಭೆ ಆಗತಕ್ಕದ್ದು."

"ಗ್ವಾಡಿ ಮ್ಯಾಲಿನವು ತಲಾ ಎರಡ ಹಂಚರಿ ಮತ್ತ."

"ಅವನ್ನ ಮುಟ್ಟಬ್ಯಾಡ್ರಿ ಆಯಿ," ಎಂದರು ಸಿದ್ದೇಶ್ವರಿ.

ಹೀಗೆ ಸಂಘ ಹುಟ್ಟುವ ಮೊದಲೇ ಮುಗಿಯಿತು. ಬ್ಯಾನರ್ ಅಟ್ಟದ ಮೇಲಿದೆ. ಆದ್ದರಿಂದ ಸಂಘ ಮಾಡಬೇಕಿದ್ದ ಮನವಿಯನ್ನು ಈ ಕರಪತ್ರವೇ ಮಾಡುತ್ತಿದೆ.

ನಿಮ್ಮ ಮನೆಯಲ್ಲೂ ಸಾಕಿದ ಗೆಕ್ಕೊ ಇದ್ದರೆ, ಹುಳು ತಿಂದಿತು ಎಂದು ನಿಶ್ಚಿಂತೆಯಿಂದ ಕೂರಬೇಡಿ. ಕ್ಯಾಲ್ಸಿಯಂ, ವಿಟಮಿನ್ ಪುಡಿಯ ಡಬ್ಬಿ ತೀರುವ ಮೊದಲೇ ಹೊಸದು ತನ್ನಿ. ಎಷ್ಟು ಹಾಕಬೇಕೆಂದು ಪಶುವೈದ್ಯರನ್ನು ಕೇಳಿ. ಕಾಲು ನಡುಗಿದರೆ, ದವಡೆ ಮೆತ್ತಗಾದರೆ ಅವತ್ತೇ ಓಡಿ. ಸುಣ್ಣದ ಡಬ್ಬಿ ಸಂಚಿಯಲ್ಲೇ ಇರಲಿ.

ಸಂಘಕ್ಕೆ ಇನ್ನೂ ಆರು ಜನ ಕಡಿಮೆ ಇದ್ದಾರೆ. ಹಾಗೆಂದು ಹಲ್ಲಿ ಹಿಡಿಯಲು ಗೋಡೆಗೆ ಏಣಿ ಹಾಕಬೇಡಿ. ಆಯಿಯನ್ನು ಈಗಷ್ಟೇ ಕೆಳಗಿಳಿಸಿದ್ದೇವೆ.