ಆರು ವಾರ ಕಾದ ಸಾಬೂನು

ದಸರಾ ರಜೆಗೆ ಹಾಸ್ಟೆಲಿನಿಂದ ಬಂದ ನನ್ನ ಮಗಳು ಸುಪ್ರೀತಾ ಅಂಗಿಯ ಉದ್ದ ತೋಳನ್ನು ಮಡಚಲೇ ಇಲ್ಲ. ಎಣ್ಣೆ ಹಚ್ಚುವಾಗ ನೋಡಿದೆ. ಎರಡೂ ಮೊಣಕೈ ಕೆಂಪಗೆ ಸುಲಿದಿದ್ದವು.

"ಎಂತ ಇದು ಮಗಾ?"

"ಕಲ್ಲಲ್ಲಿ ಉಜ್ಜಿದ್ದು. ನನ್ನ ಮೊಣಕೈಯಲ್ಲಿ ಕಾವಲಿಯ ಮಸಿ ಉಂಟು ಅಂತ ಹುಡುಗಿಯರು ನಗಾಡ್ತಾರೆ."

ಅವಳಿಗಿನ್ನೂ ಎಂಟನೇ ತರಗತಿ. ನಮ್ಮೂರು ನೆರಿಯದಿಂದ ಹಾಸ್ಟೆಲಿರುವ ಮೂಡುಬಿದಿರೆಗೆ ಬಸ್ಸು ಬದಲಿಸಿ ಹೋಗಬೇಕು. ಭೇಟಿ ತಿಂಗಳಿಗೊಂದು ಭಾನುವಾರ ಮಾತ್ರ. ಅಲ್ಲಿ ಅವಳ ಬೆನ್ನು ಉಜ್ಜುವವರು ಯಾರು?

ಪಕ್ಕದ ಮನೆಯ ರಶೀನಾ ಮಹಿಳಾ ಸಂಘದ ತರಬೇತಿಯಲ್ಲಿ ಸಾಬೂನು ಮಾಡಲು ಕಲಿತವಳು. ಅವಳಿಗೆ ವಿಷಯ ಹೇಳಿದೆ. ಮರುದಿನವೇ ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು ನಮ್ಮ ಜಗಲಿಗೆ ಬಂದಳು. ಎಲ್ಲವನ್ನೂ ತೂಗಿದಳು. ನಾನು ತಂದ ಅಲ್ಯೂಮಿನಿಯಂ ಪಾತ್ರೆಯನ್ನು ವಾಪಸು ಕಳುಹಿಸಿದಳು.

"ಕಾಸ್ಟಿಕ್ ಸೋಡಾ ಅದನ್ನು ತಿಂದುಬಿಡ್ತದೆ ಪದ್ಮಕ್ಕ. ಸ್ಟೀಲಿನದ್ದು ಕೊಡಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರಲ್ಲ. ಮುಖ ಆಚೆ ಇಡಿ, ಹೊಗೆ ಬರ್ತದೆ."

"ಇಂಥದ್ದನ್ನು ಹಾಕಿ ನೈಸರ್ಗಿಕ ಅಂತ ಬೇರೆ ಹೇಳ್ತೀಯಲ್ಲ ಮಾರಾಯ್ತಿ."

"ಸರಿಯಾಗಿ ತೂಗಿ ಎಣ್ಣೆಗೆ ಸೇರಿಸಿದರೆ ಸೋಡಾ ಸೋಡಾ ಆಗಿ ಉಳಿಯುವುದಿಲ್ಲ. ಸಾಬೂನೇ ಆಗ್ತದೆ."

ಸೋಡಾದ ನೀರನ್ನು ತೆಂಗಿನೆಣ್ಣೆಯೊಂದಿಗೆ ಕದಡಿ, ದೋಸೆಹಿಟ್ಟಿನಷ್ಟು ದಪ್ಪವಾದ ಮೇಲೆ ನಯವಾಗಿ ಜರಡಿ ಹಿಡಿದ ಹೆಸರುಕಾಳಿನ ಹುಡಿ ಬೆರೆಸಿ ಅಚ್ಚಿಗೆ ಹೊಯ್ದೆವು. ಸುಪ್ರೀತಾ ತೊಟ್ಟಿಲಲ್ಲಿದ್ದಾಗ ಅವಳನ್ನು ಮೀಯಿಸಿದ್ದು ಅದೇ ಹುಡಿಯಲ್ಲಿ.

"ನಾಳೆ ತುಂಡು ಮಾಡುವ. ಮತ್ತೆ ಆರು ವಾರ ನೆರಳಲ್ಲಿ ಒಣಗಲಿ," ಎಂದಳು ರಶೀನಾ.

"ಆರು ವಾರವಾ? ಅವಳು ಹೋಗುವುದು ಸೋಮವಾರ. ಒಂದು ತುಂಡು ಕೊಟ್ಟರೆ ಎಂತಾಗ್ತದೆ?"

ರಶೀನಾ ಗ್ಲೌಸು ತೆಗೆದು ಮಣಿಕಟ್ಟು ತೋರಿಸಿದಳು. ಅಲ್ಲೊಂದು ಬಿಳಿ ಕಲೆ. "ಇದು ನನ್ನ ಮೊದಲ ಸಾಬೂನು. ಸೋಡಾ ಅಂದಾಜಿಗೆ ಹಾಕಿದೆ, ಮರುದಿನವೇ ಉಜ್ಜಿದೆ. ಮಗುವಿನ ಸುಲಿದ ಚರ್ಮಕ್ಕೆ ಹಸಿ ಸಾಬೂನು ಹಚ್ತೀರಾ?"

ನಾನು ಅಚ್ಚನ್ನೆತ್ತಿ ನೆರಳಲ್ಲಿಟ್ಟೆ.

ಸೋಮವಾರ ಸುಪ್ರೀತಾ ತೆಂಗಿನೆಣ್ಣೆಯ ಬಾಟಲಿ ಮಾತ್ರ ಹಿಡಿದು ಬಸ್ಸು ಹತ್ತಿದಳು. ಅವಳ ಚೀಲದಲ್ಲಿದ್ದ ಕಲ್ಲು ನಮ್ಮ ಮನೆಯಲ್ಲೇ ಉಳಿಯಿತು. ದಿನಾ ಸಂಜೆ ಅಕ್ಕಿ ಆರಿಸುವ ಮೊದಲು ಸಾಬೂನುಗಳ ಮಗ್ಗುಲು ಬದಲಿಸಿ ಇಡುತ್ತಿದ್ದೆ. ನಡುವೆ ಬಂದ ಭೇಟಿಯ ಭಾನುವಾರ ಸಾಬೂನಿಲ್ಲದೆಯೇ ಹೋಗಿ ಬಂದೆ.

ಆರು ವಾರ ಕಳೆಯಿತು. ಮೊದಲು ನನ್ನ ಕೈಗೆ ಹಚ್ಚಿ ನೋಡಿ, ಆಮೇಲೆ ಅವಳಿಗೆ ಒಯ್ದೆ. ಮೊಣಕೈಯ ಗಾಯ ಮಾಯ್ದಿತ್ತು. ಕಪ್ಪು ಹಾಗೇ ಇತ್ತು.

"ಇದರಲ್ಲಿ ಮಿಂದರೆ ಬೆಳ್ಳಗಾಗ್ತದಾ ಅಮ್ಮ?"

"ಇಲ್ಲ ಮಗಾ. ಒಣಚರ್ಮ ಹೋಗಿ ಮೆತ್ತಗಾಗ್ತದೆ, ಅಷ್ಟೇ. ಬಣ್ಣ ನನ್ನದು, ನೋಡು."

ನನ್ನ ಮೊಣಕೈಯನ್ನು ಅವಳದರ ಪಕ್ಕ ಇಟ್ಟೆ. ಅವಳು ನಕ್ಕಳು. ಸಾಬೂನನ್ನು ಮೂಗಿಗೆ ಹಿಡಿದು, "ನಮ್ಮ ಬಚ್ಚಲುಮನೆಯ ಪರಿಮಳ," ಎಂದಳು. ಭೇಟಿ ಮುಗಿಯುವ ಗಂಟೆ ಹೊಡೆಯಿತು. ಅವಳು ಅಂಗಿಯ ತೋಳು ಮಡಚಿಕೊಂಡೇ ಒಳಗೆ ಹೋದಳು.

ಅಕ್ಕಂದಿರೇ, ಮನೆಯಲ್ಲಿ ಸಾಬೂನು ಮಾಡುವುದಾದರೆ ಮೊದಲು ಕಲಿತವರಿಂದ ಕಲಿಯಿರಿ. ಅಂದಾಜು ಬೇಡ, ತೂಗಿ ಹಾಕಿ. ಸೋಡಾ ಮಕ್ಕಳ ಕೈಗೆ ಸಿಗದಿರಲಿ. ಆರು ವಾರ ಕಾಯಿರಿ. ವಾರಕ್ಕೆರಡು ಸಲ ಮೆಲ್ಲಗೆ ಉಜ್ಜಿದರೆ ಸಾಕು, ಗಾಯದ ಮೇಲೆ ಬೇಡವೇ ಬೇಡ. ಇವತ್ತು ನಿಮ್ಮ ಮಕ್ಕಳ ಅಂಗಿಯ ತೋಳು ಮಡಚಿ ಒಮ್ಮೆ ನೋಡಿ.