ಮೊದಲ ಶನಿವಾರದ ಎರಡು ಡಬ್ಬಿ

ಗೈಡ್ ಇನ್ನೂ ತನ್ನ ಧ್ವನಿವರ್ಧಕದ ಗುಂಡಿ ಹುಡುಕುತ್ತಿದ್ದ. ಅಷ್ಟರಲ್ಲೇ ಗಂಡ ಅವಳ ನೆತ್ತಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿದ. ಅವಳು ಬಗ್ಗಿದಳು. ಬಿಸಿಲಿನಿಂದ ಒಳಗೆ ಕಾಲಿಟ್ಟ ಕಣ್ಣಿಗೆ ಕೋಟೆಬಾಗಿಲಿನ ಕತ್ತಲೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಎರಡು ಹೆಜ್ಜೆ ದಾಟಿದ್ದಳೋ ಇಲ್ಲವೋ, ಹಿಂದೆ ಯಾರೋ "ಅಯ್ಯೋ!" ಎಂದು ಹಣೆ ಚಚ್ಚಿಸಿಕೊಂಡ ಸದ್ದಾಯಿತು. ಆಮೇಲೆ ಗೈಡ್‌ನ ದನಿ ಗೊರಗೊರ ಎಂದಿತು: "ಒಳಗಡೆ ಇನ್ನೊಂದು ತೊಲೆ ಇದೆ, ತಲೆ ಹುಷಾರು!"

"ತೊಲೆ ಇರೋದು ನಿಮಗೆ ಹೇಗೆ ಗೊತ್ತಾಯ್ತು?" ಅವಳು ಕೇಳಿದಳು.

"ಹಳೇ ಕಾಲದ ಬಾಗಿಲೆಲ್ಲಾ ಹಾಗೇ ಅಲ್ವೇನೇ? ಶತ್ರು ನುಗ್ಗಿದ್ರೆ ಮೊದಲು ಅವನ ತಲೆ ಒಡೀಲಿ ಅಂತ."

ಹತ್ತು ಹೆಜ್ಜೆ ಮುಂದೆ ಹೋಗಿ ಗೈಡ್ ಅದೇ ಮಾತನ್ನು ಹೆಚ್ಚುಕಡಿಮೆ ಅದೇ ಪದಗಳಲ್ಲಿ ಹೇಳಿದ. ಬಸ್ಸಿನ ಮೂವತ್ತೆರಡು ಜನರಲ್ಲಿ ಮೂವತ್ತು ಜನ ನಕ್ಕರು. ಗಂಡ ಗೋಡೆಯ ಕಡೆ ನೋಡುತ್ತಿದ್ದ. ಅವಳು ಗಂಡನನ್ನು ನೋಡುತ್ತಿದ್ದಳು.

ಅವಳ ಕೆಲಸವೇ ಅಂಥದ್ದು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಚೆಕ್ಕರ್ ಆಗಿದ್ದಳು. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಮಗುಚಿ ಹಾಕಿ ಹೆಬ್ಬೆರಳು ಓಡಿಸಿದರೆ ಸಾಕು, ಎಲ್ಲಿ ದಾರ ಬಿಟ್ಟಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಳು. ಹೊಲಿಯುವ ಹುಡುಗಿಯರು ಬೆನ್ನ ಹಿಂದೆ ಅವಳನ್ನು ಭೂತಗನ್ನಡಿ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರಿಗಿಂತ ಹೆಮ್ಮೆಯೇ ಆಗಿತ್ತು.

ಈ ಪ್ರವಾಸ ಕಾರ್ಖಾನೆಯವರದು. ಯಂತ್ರಗಳ ರಿಪೇರಿಗೆಂದು ಬುಧವಾರ ರಜೆ ಕೊಟ್ಟು, ಒಂದು ದಿನದ ಮಟ್ಟಿಗೆ ಹಳೆಯ ರಾಜಧಾನಿ, ಅದರಾಚೆಯ ಪಾಳು ಅರಮನೆ ಎರಡನ್ನೂ ತೋರಿಸುವ ಏರ್ಪಾಡು ಮಾಡಿದ್ದರು. ಮನೆಯವರೊಬ್ಬರನ್ನು ಜೊತೆಗೆ ಕರೆತರಬಹುದಿತ್ತು. ಯಾವ ಊರೆಂದು ಹೇಳಿದ್ದೇ ತಡ, ಗಂಡನ ಮುಖ ಸಪ್ಪಗಾಗಿತ್ತು. "ಏನಿದೆ ಅಲ್ಲಿ, ಬರೀ ಕಲ್ಲು. ಬಿಸಿಲಿಗೆ ನಿಂಗೆ ತಲೆನೋವು ಬರುತ್ತೆ" ಎಂದಿದ್ದ. ಅವಳು ಹೋಗಿಯೇ ಹೋಗುತ್ತೇನೆಂದು ಹಟ ಹಿಡಿದಾಗ, ನೆಂಟರ ಮದುವೆಗೆ ಹೊರಡಲೂ ಮೀನಮೇಷ ಎಣಿಸುವ ಮನುಷ್ಯ ತಾನೂ ಬರುತ್ತೇನೆಂದು ಹೊರಟು ನಿಂತ. "ನೀವು ಮೊದಲು ನೋಡಿದೀರಾ?" ಎಂದದ್ದಕ್ಕೆ, "ನಾನೆಲ್ಲಿ ನೋಡ್ಲಿ!" ಎಂದು ಶೂ ದಾರ ಕಟ್ಟತೊಡಗಿದ್ದ. ಆಗಲೇ ಅವಳ ಹೆಬ್ಬೆರಳಿಗೆ ಏನೋ ತಗುಲಿತ್ತು.

ಕೋಟೆಯ ಒಳಗಿನ ಪೇಟೆ ಇಕ್ಕಟ್ಟಾದ ಓಣಿಗಳದು. ಎರಡೂ ಕಡೆ ಮರದ ಕಿಟಕಿಗಳ ಹಳೆಯ ಮನೆಗಳು, ಕೆಳಗೆ ಅಂಗಡಿಗಳು. ಗೈಡ್ ಯಾವ ರಾಜ ಯಾವ ಓಣಿಯಲ್ಲಿ ಆನೆ ಮೇಲೆ ಬಂದ ಎಂದು ವಿವರಿಸಿ, ಗಂಟಲು ಆರಿದ ಮೇಲೆ ಎಲ್ಲರಿಗೂ ಅರ್ಧ ಗಂಟೆ ಬಿಡುವು ಕೊಟ್ಟ.

"ನೀನು ಬಳೆಗಿಳೆ ನೋಡ್ತಿರು. ನೀರಿನ ಬಾಟಲಿ ತರ್ತೀನಿ" ಎಂದು ಗಂಡ ಹೊರಟ.

ಬಸ್ಸಿನಲ್ಲಿ ಎರಡು ಡಬ್ಬ ನೀರು ತುಂಬಿಟ್ಟಿದ್ದರು. ಅವಳು ಇಪ್ಪತ್ತು ಎಣಿಸಿ ಹಿಂದೆ ನಡೆದಳು. ದಾರಿ ಕೇಳುವವನ ನಡಿಗೆಯಾಗಿರಲಿಲ್ಲ ಅದು. ಎಡಕ್ಕೆ, ಮತ್ತೆ ಬಲಕ್ಕೆ, ಮನೆಯಿಂದ ಹಾಲಿಗೆ ಹೋದ ಹಾಗೆ ಹೋದ. ಮೂಲೆಯ ಔಷಧಿ ಅಂಗಡಿಯ ಮುಂದೆ ನಿಂತ. ಪಾತ್ರೆ ಅಂಗಡಿಯ ಬಾಗಿಲಲ್ಲಿ ತೂಗುಹಾಕಿದ್ದ ಕೊಡಗಳ ಮರೆಯಿಂದ ಅವಳು ನೋಡಿದಳು. ಗಂಡ ಬಾಯಿ ತೆರೆಯುವ ಮೊದಲೇ ಅಂಗಡಿಯವನು ತಿರುಗಿ ಕಪಾಟಿನಿಂದ ಒಂದು ಮುಲಾಮಿನ ಪೆಟ್ಟಿಗೆ ತೆಗೆದಿಟ್ಟ. ಪೆಟ್ಟಿಗೆಯ ಮೇಲೆ ಉಗುರಿಗೆ ಬಣ್ಣ ಹಚ್ಚಿದ ಎರಡು ಕೈಗಳ ಚಿತ್ರ. ಗಂಡ ಅದನ್ನು ಜೇಬಿಗೆ ಹಾಕಿಕೊಂಡ.

ಅವನು ಲಿಫ್ಟ್ ಮೆಕ್ಯಾನಿಕ್. ಮೂವತ್ತು ವರ್ಷದಿಂದ ಗ್ರೀಸಿನ ಕೈಯನ್ನು ಬಟ್ಟೆ ಸೋಪಿನಲ್ಲಿ ತಿಕ್ಕಿ ತೊಳೆದವನು. ಚಳಿಗಾಲದಲ್ಲಿ ಎಣ್ಣೆ ಸವರಿಕೊಳ್ಳಿ ಎಂದರೂ ಜಾರುತ್ತದೆ ಎಂದು ಬೈಯುವವನು.

"ನೀರೆಲ್ಲಿ?" ವಾಪಸ್ ಬಂದಾಗ ಕೇಳಿದಳು.

"ತಣ್ಣಗಿರೋದು ಸಿಗಲಿಲ್ಲ."

ಬಸ್ಸು ಊರು ಬಿಟ್ಟು ಪಾಳು ಅರಮನೆಯ ದಾರಿ ಹಿಡಿದಾಗ ಅವಳು ಕಿಟಕಿಗೆ ತಲೆ ಆನಿಸಿ, ಎಲ್ಲವನ್ನೂ ಮಗುಚಿ ಹಾಕಿ ನೋಡತೊಡಗಿದಳು. ತಿಂಗಳ ಮೊದಲ ಶನಿವಾರ ಹೊರಊರಿನ ಲಿಫ್ಟುಗಳ ತಪಾಸಣೆ. ಬೆಳಗ್ಗೆ ಹೋದರೆ ಸಂಜೆಗೆ ಬರುವುದು. ಅವತ್ತು ಎರಡು ಡಬ್ಬಿ ಬೇಕು, ಒಂದು ತನಗೆ, ಇನ್ನೊಂದು ಜೊತೆಯ ಕೆಲಸದವನಿಗೆ. "ಅವನಿಗೆ ಹೆಂಡತಿ ಇಲ್ವೇನ್ರೀ?" ಎಂದು ಒಮ್ಮೆ ಕೇಳಿದ್ದಳು. "ಇದ್ದಿದ್ರೆ ನಿನ್ನ ಯಾಕೆ ಗೋಳು ಹುಯ್ಕೋತಿದ್ದೆ" ಎಂದಿದ್ದ. ಡಬ್ಬಿ ಯಾವಾಗಲೂ ತೊಳೆದೇ ಬರುತ್ತಿತ್ತು. ಗಂಡಸರು ತೊಳೆದ ಡಬ್ಬಿಯ ಮುಚ್ಚಳದ ಸಂದಿಯಲ್ಲಿ ಪಲ್ಯ ಅಂಟಿಕೊಂಡಿರುತ್ತದೆ; ಇದರಲ್ಲಿ ಒಂದು ಸಾಸಿವೆಯೂ ಇರುತ್ತಿರಲಿಲ್ಲ. ಇಷ್ಟು ವರ್ಷ ಅದು ತನ್ನ ಕಣ್ಣಿಗೆ ಬೀಳದೆ ಹೋದದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ದಾರಿ ಮುಗಿಯುವಷ್ಟರಲ್ಲಿ ಆ ಡಬ್ಬಿ ತೊಳೆಯುವವಳಿಗೆ ಒಂದು ವಯಸ್ಸು, ಒಂದು ಮೈಬಣ್ಣ, ಬಣ್ಣ ಹಚ್ಚಿದ ಉಗುರು ಎಲ್ಲ ಬಂದುಬಿಟ್ಟಿದ್ದವು.

ಅರಮನೆಯ ಗೇಟಿನಲ್ಲಿ ಸೌತೆಕಾಯಿ ಮಾರುವ ಹೆಂಗಸೊಬ್ಬಳು ಬುಟ್ಟಿಯ ಹಿಂದೆ ಕೂತಿದ್ದಳು. ಗಂಡ ಟೋಪಿ ಕೆಳಕ್ಕೆಳೆದುಕೊಂಡು ದಾಟಲು ನೋಡಿದ.

"ಏನಣ್ಣಾ, ಇವತ್ತು ಶನಿವಾರ ಅಲ್ವಲ್ಲ!" ಎಂದಳು ಆ ಹೆಂಗಸು, ಸೌತೆಕಾಯಿ ಸೀಳುತ್ತಲೇ. "ಡಬ್ಬಿ ಎಲ್ಲಿ?"

"ಯಾರನ್ನೋ ನೋಡಿ ನಾನು ಅಂದ್ಕೊಂಡಿದಾಳೆ" ಎಂದ ಗಂಡ.

"ಹೌದೌದು" ಎಂದಳು ಅವಳು. "ಟೋಪಿ ಹಾಕಿದ್ರೆ ಎಲ್ಲಾ ಗಂಡಸರೂ ಒಂದೇ ಥರ ಕಾಣ್ತಾರೆ." ಗಂಡನಿಗಿಂತ ಮೊದಲೇ ಗೇಟು ದಾಟಿದಳು.

ಮುರಿದ ಕಂಬಗಳ ನಡುವೆ ಗೈಡ್ ಎಲ್ಲರನ್ನೂ ಅರ್ಧಚಂದ್ರವಾಗಿ ನಿಲ್ಲಿಸಿದ. ಇಲ್ಲಿ ಸಿಂಹಾಸನ, ಇಲ್ಲಿ ರಾಣಿಯ ಕೊಳ, ಇಲ್ಲಿಂದ ಗುಪ್ತದಾರಿ. ಇದ್ದದ್ದು ಮೊಣಕಾಲೆತ್ತರದ ಗೋಡೆ, ಒಣಹುಲ್ಲು. ಗಂಡ ಅವಳ ಕಿವಿಯ ಬಳಿ "ಬಾತ್‌ರೂಮಿಗೆ ಹೋಗ್ಬರ್ತೀನಿ" ಎಂದ. ಬಾಣದ ಗುರುತಿನ ಫಲಕ ಬಲಕ್ಕೆ ತೋರಿಸುತ್ತಿತ್ತು. ಅವನು ಎಡಕ್ಕೆ ನಡೆದ.

ಈ ಸಲ ಅವಳು ಎಣಿಸಲಿಲ್ಲ. ಚಪ್ಪಲಿ ಸದ್ದಾಗದಂತೆ ಹುಲ್ಲಿನ ಮೇಲೇ ಹೆಜ್ಜೆಯಿಟ್ಟು ಹೋದಳು. ಹೇಳಬೇಕಾದ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದಳು. ಕೊಳದ ಹಿಂದೆ ಹಗ್ಗ ಕಟ್ಟಿದ್ದ ಒಂದು ಜಾಗ. ಬಿದ್ದುಹೋದ ಗೋಡೆಯ ಕಲ್ಲುಗಳನ್ನು ಮತ್ತೆ ಕಟ್ಟಲೆಂದು ನೆಲದ ಮೇಲೆ ಸಾಲಾಗಿ ಜೋಡಿಸಿ, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಅಂಕಿ ಬರೆದಿದ್ದರು. ಅರ್ಧ ಎದ್ದ ಗೋಡೆಯ ನೆರಳಲ್ಲಿ ಗಂಡ ಕುಕ್ಕರುಗಾಲಲ್ಲಿ ಕೂತಿದ್ದ. ಎದುರಿಗೊಬ್ಬ ಗಾರೆ ಕೆಲಸದವನು ಎರಡೂ ಕೈ ಮುಂದಕ್ಕೆ ಚಾಚಿದ್ದ. ಸುಣ್ಣ ತಿಂದು ಬಿರುಕು ಬಿಟ್ಟ ಕೈಗಳು, ಬೆರಳ ಸಂದಿಯಲ್ಲಿ ಕೆಂಪಗೆ ಸೀಳಿದ್ದವು. ಗಂಡ ಆ ಸಂದಿಗಳಿಗೆ ಮುಲಾಮು ತುಂಬುತ್ತಿದ್ದ.

"ಲೋ, ಅಲುಗಾಡಬೇಡ" ಎಂದ.

ಗಾರೆ ಕೆಲಸದವನ ಕೂದಲು ಬೆಳ್ಳಗಾಗಿತ್ತು, ಮೈ ಒಣಗಿತ್ತು. ಆದರೆ ಆ ಮುಂಚಾಚಿದ ಕಿವಿಗಳನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಮೈದುನ.

ಹದಿನಾಲ್ಕು ವರ್ಷದ ಹಿಂದೆ ಅವನು ಅವರ ಜೊತೆಯಲ್ಲೇ ಇದ್ದ, ಕೆಲಸ ಹುಡುಕುತ್ತಾ. ಮನೆ ತುಂಬ ನೆಂಟರಿದ್ದ ಒಂದು ದಿನ ಅವಳ ತಾಯಿಯ ಚಿನ್ನದ ಸರ ಕಾಣೆಯಾಯಿತು. ಎಲ್ಲರ ಎದುರಿಗೇ ಅವಳು, "ಕೆಲಸವಿಲ್ಲದೆ ಮನೇಲಿ ಕೂತಿರೋರು ಒಬ್ಬರೇ" ಎಂದಿದ್ದಳು. ಅವನು ಪ್ಯಾಂಟಿನ ಜೇಬುಗಳನ್ನು ಒಂದಾದ ಮೇಲೊಂದು ಹೊರಕ್ಕೆಳೆದು ತೋರಿಸಿದ್ದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದವನು ಮತ್ತೆ ಬಂದಿರಲಿಲ್ಲ.

ಮೂರು ವರ್ಷ ಕಳೆದು, ಒಂದು ಮಧ್ಯಾಹ್ನ, ಎಸೆಯಲೆಂದು ತೆಗೆದ ಹಳೆಯ ಕೈಚೀಲದ ಒಳಪದರದಲ್ಲಿ ಸರ ಸಿಕ್ಕಿತು. ಮೂಲೆಯ ಹೊಲಿಗೆ ಬಿಟ್ಟಿತ್ತು. ದಿನಕ್ಕೆ ನಾನೂರು ಅಂಗಿಯ ಹೊಲಿಗೆ ನೋಡುವವಳು ತನ್ನ ಚೀಲದ ಹೊಲಿಗೆ ನೋಡಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡು ಸರವನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಆ ನಾಳೆ ಇನ್ನೂ ಬಂದಿರಲಿಲ್ಲ.

"ಅತ್ತಿಗೆ" ಎಂದ ಮೈದುನ. ಅವನೇ ಮೊದಲು ನೋಡಿದ್ದು. "ಬಿಸಿಲಲ್ಲಿ ನಿಂತಿದ್ದೀರಲ್ಲ. ಇಲ್ಲಿ ನೆರಳಿದೆ, ಬನ್ನಿ."

ಗಂಡ ತಿರುಗಿದ. ಅವಳನ್ನು ಕಂಡು ಗಾಬರಿಯಾದದ್ದು ಒಂದೇ ಕ್ಷಣ. ಮುಲಾಮಿನ ಮುಚ್ಚಳ ತಿರುಗಿಸಿ ತಮ್ಮನ ಜೇಬಿಗೆ ಹಾಕಿ, ಮೊಣಕಾಲು ಹಿಡಿದು ಎದ್ದು, "ಗೈಡ್‌ಗೆ ಒಂದು ಮಾತು ಹೇಳಿ ಬರ್ತೀನಿ" ಎಂದು ಅವಳ ಪಕ್ಕದಲ್ಲೇ ಹಾದುಹೋದ.

ಅವಳು ಒಂದು ಕಲ್ಲಿನ ಮೇಲೆ ಕೂತಳು. ನಾಲಿಗೆಯ ತುದಿಯಲ್ಲಿದ್ದ ಮಾತು ಈಗ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ.

"ಕೈಗವಸು ಹಾಕ್ಕೋಬಾರ್ದಾ?" ಎಂದಳು ಕೊನೆಗೆ.

"ಹಾಕಿದ್ರೆ ಸುಣ್ಣದ ಹದ ತಿಳಿಯಲ್ಲ." ಅವನು ಕೈ ಮಡಿಚಿ ಬಿಡಿಸಿ ನೋಡಿಕೊಂಡ. "ನೀವು ಈಗ ಬದನೆಕಾಯಿ ಪಲ್ಯಕ್ಕೆ ಉಪ್ಪು ಕಮ್ಮಿ ಮಾಡಿದ್ದೀರಿ."

"ನಿಮ್ಮಣ್ಣಂಗೆ ಬಿಪಿ ಇದೆ."

"ಅಣ್ಣ ಹೇಳ್ದ. ನನಗೆ ಬಿಪಿ ಇಲ್ಲ. ಆದ್ರೂ ತಿಂತೀನಿ."

ಅವಳಿಗೆ ನಗು ಬರುವಂತಾಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹೇಳದೆ ಎದ್ದುಹೋದರೆ ಮತ್ತೆ ಹನ್ನೊಂದು ವರ್ಷ ಎನಿಸಿತು.

"ಸರ ಸಿಕ್ತು ಕಣೋ."

"ಗೊತ್ತು ಅತ್ತಿಗೆ."

"ಇವತ್ತಲ್ಲ ಸಿಕ್ಕಿದ್ದು. ಯಾವಾಗ್ಲೋ…"

"ಅದೂ ಗೊತ್ತು." ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. "ನೀವು ಚೀಲ ಮಗುಚಿಕೊಂಡು ನೆಲದ ಮೇಲೆ ಕೂತಿದ್ರಂತೆ. ಅಣ್ಣ ಬಾಗಿಲವರೆಗೂ ಬಂದು, ನೋಡಿ, ಹಾಗೇ ವಾಪಸ್ ಹೋದನಂತೆ. ಆ ವಾರವೇ ನನ್ನ ಹುಡುಕ್ಕೊಂಡು ಹೊರಟಿದ್ದು ಅವನು. ಮೂರು ಊರು ಸುತ್ತಿ ಇಲ್ಲಿಗೆ ಬಂದ."

ಹನ್ನೊಂದು ವರ್ಷ ಅವಳು ಪ್ರತಿ ಮೊದಲ ಶನಿವಾರ ಎರಡು ಡಬ್ಬಿ ಕಟ್ಟಿಕೊಟ್ಟಿದ್ದಳು, ಯಾರಿಗೆಂದು ತಿಳಿಯದೆ. ಅಷ್ಟು ಕಾಲವೂ ಅವನು ಎಲ್ಲ ತಿಳಿದು, ಅದೇ ಮನೆಯಲ್ಲಿ, ಅವಳು ಬಡಿಸಿದ್ದನ್ನು ಉಂಡು ಎದ್ದಿದ್ದ.

"ನನ್ನ ಒಂದು ಮಾತು ಕೇಳಲಿಲ್ಲವಲ್ಲ ಅವರು!"

"ನಾನೂ ಹೇಳಿದ್ದೆ, ಕೇಳಿಬಿಡು ಅಂತ. ಕೇಳಿ ಹೇಳಿಸಿದ್ರೆ ಅದು ನನ್ನ ಬಾಯಿಂದ ಬಂದ ಹಾಗೆ, ಅವಳೇ ಹೇಳ್ಲಿ ಅಂದ ಅಣ್ಣ. ಈ ತಿಂಗಳು ಹೇಳ್ತಾಳೆ, ಮುಂದಿನ ತಿಂಗಳು ಹೇಳ್ತಾಳೆ ಅಂತಿದ್ದ. ಈಚೆಗೆ ಆ ವಿಷಯ ಎತ್ತೋದೂ ಬಿಟ್ಟಿದ್ದ."

ದೂರದಲ್ಲಿ ಗೈಡ್ ಎಲ್ಲರನ್ನೂ ಬಸ್ಸಿನ ಕಡೆ ಕರೆಯುತ್ತಿದ್ದ.

"ಅವತ್ತು ಎಲ್ಲರ ಎದುರಿಗೂ ಅಂದಿದ್ದೆ" ಎಂದಳು ಅವಳು.

"ಹೌದು."

"ತಪ್ಪಾಯ್ತು ಅಂತ ಇಲ್ಲಿ ಕಲ್ಲುಗಳ ಮಧ್ಯೆ ಹೇಳಿದ್ರೆ ಆಗಲ್ಲ. ಎಲ್ಲರ ಎದುರಿಗೇ ಹೇಳ್ಬೇಕು."

"ಎಲ್ಲರೂ ಎಲ್ಲಿದ್ದಾರೆ ಈಗ? ಅರ್ಧ ಜನ ಹೋಗೇಬಿಟ್ರು."

"ಇರೋರಿಗೆ ಹೇಳ್ತೀನಿ. ಒಬ್ಬೊಬ್ಬರ ಮನೆಗೂ ಹೋಗ್ತೀನಿ. ನೀನು ನನ್ನ ಜೊತೆಗಿರಬೇಕು."

ಅವನು ಬಗ್ಗಿ ಒಂದು ಕಲ್ಲಿನ ಮೇಲಿನ ಧೂಳು ಒರೆಸಿದ. "ಜೊತೆಗೆ ಬರೋದು ನನ್ನಿಂದಾಗಲ್ಲ ಅತ್ತಿಗೆ" ಎಂದ. "ಮತ್ತೆ ಅವರೆಲ್ಲರ ಮುಖ ನೋಡೋಕೆ ಮನಸ್ಸಿಲ್ಲ. ನೀವು ಹೇಳಿ ಬನ್ನಿ. ಹೇಳಿದ ಮೇಲೆ ಬೇಕಾದ್ರೆ ಒಂದು ಶನಿವಾರ ಡಬ್ಬಿ ನೀವೇ ತನ್ನಿ."

"ತರ್ತೀನಿ" ಎಂದಳು. "ತಪ್ಪಾಯ್ತು ಕಣೋ." ಆಗಲ್ಲ ಎಂದಿದ್ದ ಮಾತು ಕಲ್ಲುಗಳ ಮಧ್ಯೆಯೇ ಬಂದುಬಿಟ್ಟಿತು.

ಅವನು ತಲೆಯಾಡಿಸಿದ. ಆಮೇಲೆ ಬಿಸಿಲಿನ ಕಡೆ ನೋಡಿ, ಹೊಸ ಗಾರೆ ಆರಿ ಸೀಳುತ್ತದೆ, ನೀರು ಕೊಡಬೇಕು ಎಂದು ಎದ್ದ. ತೊಟ್ಟಿಯಲ್ಲಿ ನೆನೆಸಿಟ್ಟಿದ್ದ ದೊಡ್ಡ ಗೋಣಿತಾಟನ್ನು ಎಳೆದ. ಒಬ್ಬನ ಕೈಗೆ ಭಾರವಾದದ್ದು. ಹಸಿ ಗಾಯದ ಬೆರಳುಗಳಿಂದ ಅದು ಜಾರುತ್ತಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ತುದಿ ಹಿಡಿದಳು.

ಬಸ್ಸಿನ ಹಾರ್ನ್ ಎರಡು ಸಲ ಕೇಳಿಸಿತು. ಹಗ್ಗದಾಚೆ ನಿಂತಿದ್ದ ಗಂಡ ಇತ್ತ ತಿರುಗದೆಯೇ, ತಾಳಿ ಎಂಬಂತೆ ಬಸ್ಸಿನ ಕಡೆಗೆ ಕೈಯೆತ್ತಿ ಹಾಗೇ ಹಿಡಿದುಕೊಂಡ. ಗೋಣಿತಾಟಿನಿಂದ ಸೋರಿದ ನೀರು ಅವಳ ಪಾದಗಳನ್ನು ತೋಯಿಸುತ್ತಿತ್ತು. ಇಬ್ಬರೂ ಅದನ್ನು ಗೋಡೆಯೆತ್ತರಕ್ಕೆ ಎತ್ತಿ, ಹಸಿ ಗಾರೆಯ ಮೇಲೆ ಸುಕ್ಕಾಗದಂತೆ ಮೆಲ್ಲನೆ ಇಳಿಬಿಟ್ಟರು.